ನೀರೊಳಗೆ ಪಟ್ಟಿ ಹಿಡಿದವನು

ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ. ಇದು ನನ್ನ ದೊಡ್ಡಪ್ಪನ ಮಗನಿಗೇ ಆಗಿದ್ದು, ಅವರಿವರ ಬಾಯಲ್ಲಿ ಕೇಳಿದ್ದಲ್ಲ.

ಅವತ್ತು ಅಣ್ಣ ಕೆಲಸ ಮುಗಿಸಿ ತಡವಾಗಿ ಬರ್ತಿದ್ದ. ದಾರಿ ಇರೋದು ಮನೆ ಹಿಂದಿನ ಕೊಳದ ಪಕ್ಕದಲ್ಲೇ. ಗಾಳಿ ಇಲ್ಲ. ಕಪ್ಪೆ ಸದ್ದೂ ಇಲ್ಲ... ಕೊಳದ ಮೇಲಿನ ಹಲಗೆ ಅಟ್ಟಣೆ ಕೆಳಗಿಂದ ಸದ್ದು ಬಂತು. ಟಕ್... ಟಕ್. ಮರಕ್ಕೆ ಮರ ತಾಗಿದ್ದಲ್ಲ, ಉಗುರಲ್ಲಿ ಮರ ತಟ್ಟಿದ್ದು. ಆಮೇಲೆ ಬುಳುಕ್ ಅಂತ ಒಂದು ಗುಳ್ಳೆ.

"ಭಾವ..." ಅಂತು ಪಿಸುದನಿ. "ಬಿಡ್ಲಾ?"

ದನಿ ಅಣ್ಣನಿಗೆ ಗೊತ್ತಾಯ್ತು. ಹೆಂಡತಿಯ ತಮ್ಮ. ಅವನು ಅದೇ ಅಟ್ಟಣೆ ಕೆಳಗೆ ಸತ್ತು ತಿಂಗಳಾಗಿತ್ತು.

ಆ ಅಟ್ಟಣೆ ಅಣ್ಣನೇ ಕಟ್ಟಿದ್ದು. ದಡದಿಂದ ಕೊಳದೊಳಕ್ಕೆ ಚಾಚಿದ್ದ ಹಲಗೆ ದಾರಿ, ತುದಿಯಲ್ಲಿ ಕೂತು ಗಾಳ ಹಾಕೋಕೆ. ಕಂಬ ನೆಟ್ಟ, ಹಲಗೆ ಹೊಡೆದ, ಮೀಸೆ ತಿರುವಿದ. ಒಂದು ಕಂಬದ ಬುಡದಿಂದ ಪಕ್ಕದ ಕಂಬದ ತಲೆಗೆ ಓರೆಪಟ್ಟಿ ಕೊಡಪ್ಪ, ಅದೂ ನೀರು ಕಡಿಮೆ ಇರುವಾಗಲೇ ಕೊಡು ಅಂತ ಬಡಗಿ ಬಾಯಿ ಬಡ್ಕೊಂಡ. ಅಣ್ಣನ ಕಿವಿಗೆ ಹೋದರೆ ತಾನೆ? ಕೊಳ ತುಂಬಿತು, ಅಟ್ಟಣೆ ಕುಡಿದವನ ಹಾಗೆ ತೂಗಾಡೋಕೆ ಶುರುಮಾಡ್ತು. ನೋಡಿದವರು ನಕ್ಕರು. ಅದನ್ನ ಮಾತ್ರ ಅಣ್ಣನಿಗೆ ತಡಕೊಳ್ಳೋಕೆ ಆಗಲಿಲ್ಲ.

ವಾಲಿದ ಕಂಬಗಳಿಗೆ ಹಗ್ಗ ಕಟ್ಟಿ ನೆಟ್ಟಗೆ ಎಳೆದ. ಪಟ್ಟಿಯ ಮೇಲ್ತುದಿಗೆ ತಾನೇ ಮೊಳೆ ಹೊಡೆದ. ಕೆಳತುದಿಯನ್ನ ನೀರೊಳಗೆ ಹಿಡಿಯೋಕೆ ಭಾಮೈದನನ್ನ ಇಳಿಸಿದ. ಅಕ್ಕನ ಮನೆ ಕೆಲಸ ಅಂದ್ರೆ ಇಲ್ಲ ಅನ್ನದವನು, ಪಾಪ. ಹಗ್ಗ ಜಾರ್ತು, ಕಂಬ ವಾಪಸ್ ವಾಲ್ತು, ಅವನು ಮೇಲೆ ಬರಲೇ ಇಲ್ಲ.

"ಕಾಲು ಜಾರಿ ಮುಳುಗಿಬಿಟ್ಟ ಕಣೇ" ಅಂತ ಅಣ್ಣ ಅತ್ತಿಗೆ ಮುಂದೆ ಗೋಳಾಡಿದ. ಅತ್ತಿಗೆ ತಮ್ಮನ ಬಲಗೈ ಯಾಕೆ ಜಜ್ಜಿಹೋಗಿತ್ತು ಅಂತ ಮಾತ್ರ ಸಿಕ್ಕವರನ್ನೆಲ್ಲ ಕೇಳ್ತಿದ್ರು. ಅವರಿಗೆ ಬೇಕಾಗಿದ್ದು ಅದೊಂದೇ ಉತ್ತರ.

ಆಮೇಲೆ ಅಟ್ಟಣೆ ಅಲುಗಾಡಲೇ ಇಲ್ಲ ನೋಡಿ. ಪಟ್ಟಿಯ ಕೆಳತುದಿಗೆ ಬೋಲ್ಟ್ ಹಾಕೇ ಇರಲಿಲ್ಲ, ಆದರೂ.

ಆ ರಾತ್ರಿ ಅಣ್ಣ ಹಲಗೆ ಮೇಲೆ ಬಗ್ಗಿ, "ಬಿಡ್ಬೇಡ. ಹಿಡ್ಕೊಂಡಿರು" ಅಂದ. ಎಂಥ ಮನುಷ್ಯ! ಸತ್ತವನ ಕೈಲೂ ದುಡಿಸ್ಕೊಂಡ. ದಿನಾ ರಾತ್ರಿ ಅದೇ ಪ್ರಶ್ನೆ, ಅದೇ ಉತ್ತರ. ಇದನ್ನ ಅವನೇ ನನ್ನ ಹತ್ತಿರ ನಗ್ತಾ ಹೇಳಿದ್ದ. ತಮಾಷೆ ಮಾಡ್ತಿದಾನೆ ಅಂದ್ಕೊಂಡೆ.

ಒಂದು ರಾತ್ರಿ ಅತ್ತಿಗೆ ಅವನ ಹಿಂದೆಯೇ ಹೋದರು. ಅಣ್ಣ ಅಟ್ಟಣೆ ತುದಿಯಲ್ಲಿ, ಅವರು ದಡದ ಕತ್ತಲಲ್ಲಿ.

"ಭಾವ... ಕೈ ನೋಯ್ತಿದೆ."

"ಲೇ, ಸುಮ್ನಿರು."

"ಕೊಡಲಿ ಪಕ್ಕದಲ್ಲೇ ಇತ್ತಲ್ಲ ಭಾವ... ಪಟ್ಟಿಗೆ ಮೇಲ್ಗಡೆ ಒಂದೇಟು ಹಾಕಿದ್ರೆ ನನ್ನ ಕೈ ಬಿಡಿಸ್ಕೋತಿದ್ದೆ."

"ಹಾಕಿದ್ರೆ ಅಟ್ಟಣೆ ಪೂರ್ತಿ ಬೀಳ್ತಿತ್ತು" ಅಂದ ಅಣ್ಣ. ತಣ್ಣಗೆ.

ಅತ್ತಿಗೆ ಅಳಲಿಲ್ಲ. ನೀರಿನ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಅಂದರು, "ಸಾಕು ಕಣೋ. ಬಿಡು."

"ಅಕ್ಕಾ..." ಬುಳುಕ್ ಅಂತ ಮತ್ತೊಂದು ಗುಳ್ಳೆ. "ಭಾವ ಮೇಲಿದ್ದಾರೆ."

"ಗೊತ್ತು. ಬಿಡು."

ಕಿರ್ರ್... ಮೊಳೆ ಕಿತ್ತ ಸದ್ದು. ಆಮೇಲೆ ಧಡಾರ್. ಅಣ್ಣನ ತಲೆ ನೀರಿನ ಮೇಲೆ ಸ್ವಲ್ಪ ಹೊತ್ತು ಕಾಣ್ತಂತೆ. ಕೈ ಸಿಕ್ಕಾಕೊಂಡಿದೆ, ಕೊಡಲಿ ತಾ ಅಂತ ಬೇಡ್ಕೊಂಡನಂತೆ. ಅತ್ತಿಗೆ ಮನೆಗೆ ಹೋಗಿ ಚಿಲಕ ಹಾಕ್ಕೊಂಡ್ರು. ಇಷ್ಟನ್ನೂ ಅವರೇ ನನಗೆ ಹೇಳಿದ್ದು, ಒಗೆದ ಬಟ್ಟೆ ಮಡಿಸ್ತಾ. ಒಂದು ಮಡಿಕೆಯೂ ಸೊಟ್ಟ ಆಗಲಿಲ್ಲ.

ಬೆಳಗ್ಗೆ ನೀರಿಗೆ ಇಳಿದವನು ನಾನು. ಹಲಗೆಗಳೆಲ್ಲ ತೇಲ್ತಿದ್ವು. ಅಣ್ಣ ತಳದಲ್ಲಿ ನಿಂತೇ ಇದ್ದ, ಬಲಗೈ ಕಂಬಕ್ಕೂ ಪಟ್ಟಿಗೂ ಮಧ್ಯೆ. ಎಳೆದೆ, ಬರಲಿಲ್ಲ. ತಡಕಿ ನೋಡಿದ್ರೆ... ಕೆಳತುದಿಗೆ ಬೋಲ್ಟ್ ಬಿಗಿದಿತ್ತು. ಮೇಲೆ ಬಂದು ಸ್ಪ್ಯಾನರ್ ತಗೊಂಡು ಮತ್ತೆ ಮುಳುಗಿ ಬಿಚ್ಚಬೇಕಾಯ್ತು. ನಂಬಿದ್ರೆ ನಂಬಿ, ಇಲ್ಲದಿದ್ರೆ ಬಿಡಿ. ಬಿಚ್ಚಿದ್ದು ಈ ಕೈಯೇ. ನಟ್ಟು ಹೊಸದು. ಗ್ರೀಸ್ ಹಚ್ಚಿತ್ತು.