ಕಾಸಗಲದ ನೀಲಿ

ಚೋಮಾ ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ ಹಾಮೂಂಗಾ ಬ್ರೇಕ್ ಎಣ್ಣೆಗೆಂದು ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ ಹಾಲು ಸಾಗಿಸುವ ಹಳೇ ಪಿಕಪ್ಪಿನ ಒಡತಿ, ಮುತಿಂತಾ ಎಂಬ ಹುಡುಗಿಯ ತಾಯಿ. ಅವಳು ಅಂಗಡಿಯಲ್ಲೇ ವೈರಿಂಗ್ ಕೆಲಸ ಮಾಡುವ ಸಿಯಾಮ್ವೀಜಾನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

“ಹೊಸ ವೈರು, ಹೊಸ ರಿಲೇ, ಎಲ್ಲಾ ದಂಡ ಕಣಪ್ಪಾ. ಗಾಡಿ ದೀಪ ಮಿಂಚುಹುಳಕ್ಕಿಂತ ಕಡೆ. ನಸುಕಿನಲ್ಲಿ ಹಾಲು ಹೇರ್ಕೊಂಡು ಹ್ಯಾಗೆ ಹೋಗ್ಲಿ?”

“ಅರ್ತ್ ವೈರನ್ನ ಬಣ್ಣದ ಮೇಲೇ ಬಿಗಿದಿದ್ದೀನಿ, ಮುತಿಂತಾಳ ಅಮ್ಮಾ. ಅದಕ್ಕೆ ಬಣ್ಣವಿಲ್ಲದ ಬರೀ ತಗಡು ತಾಗಿದ್ರೇ ದೀಪ ಜೋರಾಗಿ ಉರಿಯೋದು. ಅವತ್ತೇ ಕೆರೀತೀನಿ ಅಂದೆ, ನೀವೇ ಬ್ಯಾಡ ಅಂತ ತಡೆದ್ರಿ.”

“ಆ ನೀಲಿ ಬಣ್ಣ ನಮ್ಮನೆಯೋರು ಬಳಿದಿದ್ದು. ಗಣಿ ಕೆಲಸಕ್ಕೆ ಹೊರಟಾಗ, ಬಂದು ಇನ್ನೊಂದು ಸಲ ಬಳೀತೀನಿ ಅಂದಿದ್ರು.”

“ಮಳೆಗಾಲ ಎರಡು ಕಳೀತಲ್ಲ.”

“ಲೆಕ್ಕ ನನಗೂ ಬರುತ್ತೆ.”

“ಕಾಸಗಲ ಕೆರೆದ್ರೆ ಸಾಕು. ಬೋಲ್ಟಿನಡಿ ಯಾರಿಗೆ ಕಾಣುತ್ತೆ?”

“ನನಗೆ ಕಾಣುತ್ತೆ.”

ಸಾಲಿನ ಹಿಂದೆ ಯಾರೋ ಗೊಣಗಿದರು. ಹಾಮೂಂಗಾ ಮಾತ್ರ ಅವಸರ ಮಾಡಲಿಲ್ಲ.

“ಉಪ್ಪುಕಾಗದ ಕೊಡು, ನಾನೇ ಕಾಸಗಲ ಕೆರೀತೀನಿ,” ಎಂದು ಅವಳು ಕೈ ಚಾಚಿದಳು. “ ನಿನ್ನ ಕೈಗೆ ಬಿಟ್ರೆ ಅರ್ಧ ಗಾಡಿ ಬೋಳಿಸ್ತೀಯ.”

“ಅದೇ ನೀಲಿ ಬಣ್ಣದ ಡಬ್ಬಿ ಇದೆ. ಒಂದು ಕೊಡ್ಲಾ?”

“ಬ್ಯಾಡ. ಅದನ್ನ ಅವರೇ ತರ್ತಾರೆ.”

ಉಪ್ಪುಕಾಗದವನ್ನು ಮಡಚಿ, ಸೊಂಟದ ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡು ಅವಳು ಬಿಸಿಲಿಗಿಳಿದಳು.