ಅಂಗೈ ಹಿಂಬದಿ

ಸುಟ್ಟ ತಾಮ್ರದ ತಂತಿಯ ವಾಸನೆ ಬಂದಾಗ ಅಜ್ಜಿಯೊಬ್ಬಳಿಗೆ ತಾನು ಬೆಳೆದ ಓಣಿಯ ಮೋಟಾರ್ ಅಂಗಡಿ ನೆನಪಾಯಿತು. ಕಾರ್ಖಾನೆ ಕಚೇರಿಯ ಬೆಂಚಿನ ಮೇಲೆ ಪಿಂಚಣಿ ಕಾಗದಕ್ಕೆ ಕಾಯುತ್ತಿದ್ದ ಆಕೆಯ ಪಕ್ಕದಲ್ಲಿ, ಅದೇ ವಾಸನೆಯ ಅಂಗಿ ತೊಟ್ಟ ಮೋಟಾರ್ ರಿಪೇರಿಯವನೊಬ್ಬ ಸಂದರ್ಶನಕ್ಕೆಂದು ಬಂದು ಕೂತಿದ್ದ. ಅವನ ಮಗಳು ಪುಸ್ತಕ ಹಿಡಿದು ಅವನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

"ವೋಲ್ಟೇಜ್ ಅಷ್ಟೇ ಇದ್ದು, ರೆಸಿಸ್ಟೆನ್ಸ್ ಜಾಸ್ತಿ ಆದ್ರೆ?"

"ಕರೆಂಟ್ ಕಮ್ಮಿ."

"ಮೋಟಾರ್ ಮೈಗೆ ಕರೆಂಟ್ ಬಂದಿದ್ಯಾ ಅಂತ ಹೇಗೆ ನೋಡ್ತೀಯ?"

"ಅಂಗೈ ಹಿಂಬದಿ ತಾಗಿಸಿ."

"ಅಯ್ಯೋ ಅಪ್ಪ, ಹೋದ ಸಲ ಇದನ್ನೇ ಹೇಳಿ ಬರಿಗೈಲಿ ಬಂದೆ. ಮೀಟರ್ ಇಟ್ಟು ನೋಡ್ತೀನಿ ಅನ್ನು."

"ಅಂಗೈಲಿ ಮುಟ್ಟಿದ್ರೆ ಬೆರಳು ಮಡಚಿ ಹಿಡ್ಕೊಂಡ್ಬಿಡತ್ತೆ ಕಣಮ್ಮ. ಹಿಂಬದಿ ಆದ್ರೆ ಕೈ ಈಚೆ ಬರತ್ತೆ. ಇಪ್ಪತ್ತೆರಡು ವರ್ಷ ಬದುಕಿರೋದೇ ಹಾಗೆ."

"ಬದುಕಿದ್ದಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ. ಈ ತಿಂಗಳು ದಾಟಿದ್ರೆ ಈ ಕೆಲಸಕ್ಕೆ ನಿನ್ನ ವಯಸ್ಸೂ ಮೀರತ್ತೆ."

"ಆಯ್ತು ಟೀಚರಮ್ಮ. ಮೀಟರ್."

ಅವನನ್ನು ಒಳಗೆ ಕರೆದರು. ಹತ್ತೇ ನಿಮಿಷಕ್ಕೆ ಹೊರಗೆ ಬಂದ.

"ಅದೇ ಕೇಳಿದ್ರಾ?"

"ಅದೇ."

"ಮೀಟರ್ ಅಂದ್ಯಾ?"

"ಅಂದೆ. ತೋರಿಸು ಅಂತ ಕೈಗೇ ಕೊಟ್ರು. ಹೊಸ ಥರದ್ದು. ಗುಂಡಿ ಎಲ್ಲಿಗೆ ತಿರುಗಿಸೋದು ಅಂತ ತಿಳೀಲಿಲ್ಲ."

"ಏನಂದ್ರು?"

"ಮುಂದಿನವರನ್ನ ಕರೆದ್ರು."

ಮಗಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿದಳು.

"ನೀನು ಚೆನ್ನಾಗೇ ಹೇಳ್ಕೊಟ್ಟಿದ್ದೆ ಬಿಡು," ಎಂದ ಅಪ್ಪ.

ಬಾಗಿಲ ಬಳಿ ಅವಳು ಚೀಲದಿಂದ ಸ್ಟೀಲಿನ ಊಟದ ಡಬ್ಬಿ ತೆಗೆದು ಕೊಟ್ಟಳು. ಅವನು ಅಭ್ಯಾಸದಂತೆ ಮೊದಲು ಅಂಗೈ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡಿ, ಆಮೇಲೆ ಹಿಡಿದುಕೊಂಡು ಮೆಟ್ಟಿಲಿಳಿದ.