ಎರಡೆರಡು ಸಲ ನೋಡುವವನು

ಉಡುಪಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಯುವಕರ ಬೆರಳಿನ ಗಂಟುಗಳು ಒಂದೇ ರೀತಿ ಬಾತಿದ್ದವು. ಇಬ್ಬರಿಗೂ ಸಂಧಿವಾತ. ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ ಬಂದಿದ್ದರು, ಮಾತ್ರೆಯೂ ಒಂದೇ. ಆದರೆ ಇದ್ರೀಸ್‌ಗೆ ಕಟಪಾಡಿಯ ಚಪ್ಪಲಿ ಅಂಗಡಿಯಲ್ಲಿ ಕೆಲಸವಿತ್ತು. ಕಾರ್ಲ್ ಕಾಯಿಲೆ ಬಂದಾಗಿನಿಂದ ಮನೆಯಲ್ಲೇ ಇದ್ದ.

“ಈಗಲೇ ಬಾ ಮಾರಾಯ! ಗೋಡೌನಿಗೆ ಒಬ್ಬ ಬೇಕು. ಧಣಿಗೆ ನಿನ್ನ ಹೆಸರು ಹೇಳಿಟ್ಟಿದ್ದೇನೆ,” ಎಂದ ಇದ್ರೀಸ್.

“ಬೆರಳಿನ ವಿಷಯ?”

“ಅದೂ ಹೇಳಿದೆ. ಬೆಳಿಗ್ಗೆ ಬೆರಳು ಮಡಚಲು ಆಗದಿದ್ದರೆ ತಡವಾಗಿ ಬಂದರೂ ಆಗುತ್ತದಂತೆ. ನನಗೂ ಹಾಗೇ ಅಲ್ವಾ?”

“ನಿನಗೆ ಬಾಯಿ ಉಂಟು, ಎಲ್ಲಿಯಾದರೂ ಬದುಕುತ್ತಿ. ನಾನು ಎಲ್ಲದಕ್ಕೂ ಹೆದರುವವನು. ಸೈಜ್ ತಪ್ಪಿದರೆ? ಬಣ್ಣ ತಪ್ಪಿದರೆ?”

“ಅದಕ್ಕೇ ನೀನು ಬೇಕಾದದ್ದು! ಮೊನ್ನೆ ನಾನು ಮಾತಾಡುತ್ತಾ ಒಬ್ಬರಿಗೆ ಎರಡೂ ಎಡಗಾಲಿನ ಶೂ ಕಟ್ಟಿ ಕೊಟ್ಟೆ.”

“ಎರಡೂ ಎಡದ್ದಾ?”

“ಹೌದು ಮಾರಾಯ! ಅವರು ಮದುವೆ ಹಾಲಿನಿಂದ ಫೋನ್ ಮಾಡಿ ಬೈದರು. ‘ಎರಡೆರಡು ಸಲ ನೋಡುವವನು ಒಬ್ಬನೂ ಸಿಗುವುದಿಲ್ವಾ’ ಅಂತ ಧಣಿ ತಲೆಗೆ ಕೈ ಇಟ್ಟರು.”

ಕಾರ್ಲ್ ನಗಲಿಲ್ಲ. “ಹಾಗಾದರೆ ಎರಡು ಬಲಗಾಲಿನದ್ದು ಇನ್ನೊಂದು ಬಾಕ್ಸಿನಲ್ಲಿ ಉಂಟು. ಅದನ್ನು ತೆಗೆದಿಟ್ಟಿರಾ?”

ಇದ್ರೀಸ್ ಅವನ ಮುಖ ನೋಡಿದ. “ಇಲ್ಲ. ಅದು ಯಾರಿಗೂ ಹೊಳೆಯಲೇ ಇಲ್ಲ!”

“ಯಾರಿಗಾದರೂ ಮಾರಿದರೆ ಎಂತ ಮಾಡುತ್ತೀರಿ?”

ಕಟಪಾಡಿ ಮೇಲೆ ಹೋಗುವ ಕಾಪುವಿನ ಬಸ್ಸು ಬಂತು. ಮೊದಲು ಎದ್ದವನು ಕಾರ್ಲ್.

“ಬೇಗ ಬಾ ಇದ್ರೀಸ್,” ಎಂದು ಮೆಟ್ಟಿಲು ಹತ್ತುತ್ತಾ ಕೂಗಿದ, “ಆ ಬಾಕ್ಸ್ ಎಲ್ಲಿ ಉಂಟು ಅಂತ ನೋಡಬೇಕು!”